‘ಲೇಡೀಸ್ ಫುಟ್‌ಬಾಲ್ ಯಾರ್ ನೋಡ್ತಾರೆ?’ ಅಂದವರಿಗೆ

1/6
ಮೊನ್ನೆ ಸ್ಟೋರಿಗೆ ನಮ್ಮ ಕಾಲೇಜಿನ ಹುಡುಗಿಯರ ಫುಟ್‌ಬಾಲ್ ಟೀಮ್ ಫೋಟೋ ಹಾಕಿದ್ದೆ. ಬಂದ ರಿಪ್ಲೈ: ‘ಫೋಟೋ ಸೂಪರ್, ಆದ್ರೆ ಲೇಡೀಸ್ ಫುಟ್‌ಬಾಲ್ ಯಾರ್ ನೋಡ್ತಾರೆ?’ ಕಳಿಸಿದವನು ನಮ್ಮ ಕ್ಲಾಸ್‌ನವನೇ. ಹೆಸರು ಹೇಳಲ್ಲ, ಹೆದರ್ಬೇಡ ಮಗಾ. ಆದ್ರೆ ಉತ್ತರ ಇಲ್ಲೇ, ಎಲ್ಲರ ಮುಂದೆ ಕೊಡ್ತೀನಿ. ಯಾಕಂದ್ರೆ ದುಡ್ಡಿನ ಮಾತು ಬಂದಾಗ ದೊಡ್ಡ ದೊಡ್ಡ ಕ್ಲಬ್‌ನವರು ಕೇಳೋದೂ ಇದನ್ನೇ.

2/6
1920ರ ಡಿಸೆಂಬರ್ 26. ಇಂಗ್ಲೆಂಡಿನ ಲಿವರ್‌ಪೂಲ್ ನಗರ, ಗುಡಿಸನ್ ಪಾರ್ಕ್ ಮೈದಾನ. ಫ್ಯಾಕ್ಟರಿ ಹುಡುಗಿಯರು ಕಟ್ಟಿದ ಡಿಕ್ ಕೆರ್ ಲೇಡೀಸ್ ಟೀಮಿನ ಆಟ ನೋಡೋಕೆ ಬಂದವರು 53,000 ಜನ. ಮುಂದಿನ ವರ್ಷ ಡಿಸೆಂಬರ್ 5ಕ್ಕೆ ಅಲ್ಲಿನ ಫುಟ್‌ಬಾಲ್ ಅಸೋಸಿಯೇಷನ್ ಏನ್ ಮಾಡ್ತು ಗೊತ್ತಾ? ‘ಈ ಆಟ ಹೆಂಗಸರಿಗೆ ತಕ್ಕದ್ದಲ್ಲ’ ಅಂತ ತನ್ನ ಕ್ಲಬ್‌ಗಳ ಮೈದಾನವನ್ನೇ ಅವರಿಗೆ ಮುಚ್ಚಿಬಿಡ್ತು. ಸುಮಾರು 50 ವರ್ಷ ತೆಗೀಲಿಲ್ಲ. ಬ್ರೆಜಿಲ್‌ನಲ್ಲೂ 1941ರಿಂದ 1979ರವರೆಗೆ ನಿಷೇಧ ಇತ್ತು.
ಜನ ಬಂದಿದ್ರು. ಬಾಗಿಲು ಹಾಕಿದವರು ಬೇರೆಯವರು. ಬಾಗಿಲು ತೆಗೆದ ಮೇಲೆ? 2022ರ ಏಪ್ರಿಲ್‌ನಲ್ಲಿ ಬಾರ್ಸಿಲೋನಾ ಹುಡುಗಿಯರ ಮ್ಯಾಚ್‌ಗೆ ಕ್ಯಾಂಪ್ ನೌನಲ್ಲಿ 91,648 ಜನ. ಈಗ ಕೇಳು, ಯಾರ್ ನೋಡ್ತಾರೆ?

3/6
ನಾವು ಬಿಕಾಂ ಓದ್ತಿರೋರು, ಲೆಕ್ಕದಲ್ಲೇ ಮಾತಾಡೋಣ. ಅಂಗಡಿ ಶಟರ್ ಅರ್ಧ ಎಳೆದು, ಬೋರ್ಡ್ ಹಾಕದೆ, ಸಾಮಾನು ತುಂಬದೆ, ಸಂಜೆ ಗಲ್ಲಾ ನೋಡಿ ‘ವ್ಯಾಪಾರ ಇಲ್ಲ’ ಅಂದ್ರೆ ನಗ್ತೀವಿ ತಾನೇ? ಹುಡುಗಿಯರ ಮ್ಯಾಚ್‌ಗೂ ಇದೇ ಕಥೆ. ಉರಿಬಿಸಿಲಲ್ಲಿ ಇಡ್ತಾರೆ, ಪ್ರಚಾರ ಮಾಡಲ್ಲ. ಆಮೇಲೆ ‘ನೋಡಿ, ಸ್ಟ್ಯಾಂಡ್ ಖಾಲಿ’ ಅಂತಾರೆ.
ನಮ್ಮಲ್ಲಿ ಐಎಸ್‌ಎಲ್ ಕ್ಲಬ್‌ಗಳು ಗಂಡಸರ ಟೀಮ್ ಮೇಲೆ ವರ್ಷಗಟ್ಟಲೆ ನಷ್ಟ ಅನುಭವಿಸಿವೆ. ಆ ನಷ್ಟಕ್ಕೆ ಹೆಸರು ‘ಹೂಡಿಕೆ’. ಹುಡುಗಿಯರಿಗೆ ಕೊಡೋ ಚೂರುಪಾರಿಗೆ ಹೆಸರು ‘ಖರ್ಚು’. ಒಂದೇ ಲೆಡ್ಜರ್‌ನಲ್ಲಿ ಎರಡು ನಿಯಮ ಯಾವ ಸೀಮೆ ಅಕೌಂಟಿಂಗು?

4/6
ನಮ್ಮೂರಿನ ಉದಾಹರಣೆ ಬೇಕಾ? 2023ರಲ್ಲಿ ಆರ್‌ಸಿಬಿಯವರು ಮಹಿಳಾ ಟೀಮ್‌ಗೆ 901 ಕೋಟಿ ಹಾಕಿದ್ರು. ಅದೇ ಹೆಸರು, ಟಿವಿ ಪ್ರಸಾರ, ರಾತ್ರಿ ಮ್ಯಾಚ್. 2024ರ ಮಾರ್ಚ್ 17ಕ್ಕೆ ಆರ್‌ಸಿಬಿಗೆ ಮೊದಲ ಕಪ್ ತಂದವರು ಅದೇ ಹುಡುಗಿಯರು. ಫೈನಲ್‌ನಲ್ಲಿ ನಮ್ಮ ಶ್ರೇಯಾಂಕಾ ಪಾಟೀಲ್‌ಗೆ 4 ವಿಕೆಟ್. ಅವತ್ತು ‘ಕಪ್ ನಮ್ದು’ ಅಂತ ಸ್ಟೇಟಸ್ ಹಾಕಿದವನು ನೀನೂ ಅಲ್ವಾ?
‘ಕ್ರಿಕೆಟ್ ಬೇರೆ ಕಣೇ, ಅಲ್ಲಿ ದುಡ್ಡಿದೆ’ ಅಂತೀಯ. ಸರಿ, ಒಪ್ತೀನಿ. 901 ಕೋಟಿ ನಾನೂ ಕೇಳ್ತಿಲ್ಲ. ಇರೋದ್ರಲ್ಲಿ ಪಾಲು ಕೇಳ್ತಿದೀನಿ.

5/6
ಆಟದ ಮಟ್ಟ ಕಮ್ಮಿ ಅಂತೀರಾ? 2025ರ ಜುಲೈನಲ್ಲಿ ಭಾರತದ ಹುಡುಗಿಯರು ಥಾಯ್ಲೆಂಡನ್ನ ಅವರ ನೆಲದಲ್ಲೇ 2-1ರಿಂದ ಸೋಲಿಸಿ 2026ರ ಏಷ್ಯನ್ ಕಪ್‌ಗೆ ಹೋದ್ರು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ಅದೇ ವರ್ಷ ನಮ್ಮ ಗಂಡಸರ ಟೀಮ್ 2027ರ ಏಷ್ಯನ್ ಕಪ್ ಅವಕಾಶ ಕಳ್ಕೊಳ್ತು. ಅವರನ್ನ ಆಡ್ಕೊಳ್ತಿಲ್ಲ, ಅವರಿಗೂ ನಾನೇ ಕಿರುಚೋದು. ಆದ್ರೆ ದುಡ್ಡು ಯಾರಿಗೆ, ಫಲಿತಾಂಶ ಯಾರದು, ಸ್ವಲ್ಪ ತಾಳೆ ಹಾಕಿ ನೋಡಿ.

6/6
ಕ್ಲಬ್‌ಗಳು ಏನ್ ಮಾಡ್ಬೇಕು? ನಾಲ್ಕೇ ಮಾತು.
ಒಂದು: ಮಹಿಳಾ ಟೀಮ್ ಇಲ್ದಿದ್ರೆ ಐಎಸ್‌ಎಲ್ ಲೈಸೆನ್ಸ್ ಇಲ್ಲ ಅನ್ನಬೇಕು. ದಕ್ಷಿಣ ಅಮೆರಿಕದಲ್ಲಿ 2019ರಿಂದ ಇದೇ ನಿಯಮ: ಮಹಿಳಾ ಟೀಮ್ ಇಲ್ವಾ, ಕೋಪಾ ಲಿಬರ್ಟಡೋರಸ್ ಆಡಂಗಿಲ್ಲ.
ಎರಡು: ಕ್ಲಬ್ ಬಜೆಟ್‌ನ 10 ಪರ್ಸೆಂಟ್, ಕನಿಷ್ಠ 5 ವರ್ಷ. ಲೆಕ್ಕ ಪ್ರತ್ಯೇಕವಾಗಿ ತೋರಿಸಬೇಕು.
ಮೂರು: ವರ್ಷಪೂರ್ತಿ ಸಂಬಳದ ಕಾಂಟ್ರಾಕ್ಟ್. ಲೀಗ್ ಮುಗಿದ ತಕ್ಷಣ ಮನೆಗೆ ಕಳಿಸೋದಲ್ಲ.
ನಾಲ್ಕು: ಗಂಡಸರ ಮ್ಯಾಚ್ ದಿನವೇ, ಅದೇ ಸ್ಟೇಡಿಯಂನಲ್ಲಿ, ಅದೇ ಟಿಕೆಟ್‌ಗೆ ಹುಡುಗಿಯರ ಮ್ಯಾಚ್ ಕೂಡ.

ಇಷ್ಟೆಲ್ಲ ಯಾಕೆ ಬರೆದೆ ಅಂದ್ರೆ, ಆ ಫೋಟೋದಲ್ಲಿ ಎಡಗಡೆ ನಿಂತಿರೋ ನಮ್ಮ ಗೋಲ್‌ಕೀಪರ್ ಮುಂದಿನ ತಿಂಗಳಿಂದ ಆಡಲ್ಲ. ಮನೇಲಿ ಕೇಳಿದ್ದು ಒಂದೇ ಪ್ರಶ್ನೆ: ‘ಇದ್ರಿಂದ ಮುಂದೆ ಏನಮ್ಮ ಸಿಗುತ್ತೆ?’ ಅವಳ ಹತ್ರ ಉತ್ತರ ಇರ್ಲಿಲ್ಲ. ನನ್ನ ಹತ್ರನೂ ಇಲ್ಲ. ಆ ಉತ್ತರ ಇರ್ಬೇಕಾಗಿದ್ದು ದುಡ್ಡಿರೋ ಕ್ಲಬ್‌ಗಳ ಹತ್ರ.

ಶನಿವಾರ ನಾಲ್ಕು ಗಂಟೆಗೆ ಕಾಲೇಜ್ ಗ್ರೌಂಡ್‌ನಲ್ಲಿ ಅವಳ ಕೊನೇ ಮ್ಯಾಚ್. ರಿಪ್ಲೈ ಕಳಿಸಿದ ಮಹಾನುಭಾವ, ನೀನೂ ಬಾ. ಮುಂದೆ ಯಾರಾದ್ರೂ ‘ಯಾರ್ ನೋಡ್ತಾರೆ’ ಅಂದ್ರೆ, ‘ನಾನ್ ನೋಡ್ದೆ’ ಅನ್ನೋಕಾದ್ರೂ ಆಗುತ್ತೆ.

#ನಾನ್‌ನೋಡ್ತೀನಿ #ಹುಡುಗಿಯರಫುಟ್‌ಬಾಲ್ #ಬಿಕಾಂಲೆಕ್ಕ