ಅಂಗನವಾಡಿ ಟೀಚರನ್ನೂ ಒಂದು ಮಾತು ಕೇಳಿ

ಗರ್ಭಿಣಿ, ಬಾಣಂತಿಯರಿಗೆ ದಿನಕ್ಕೊಂದು ಬಿಸಿಯೂಟ ಕೊಡುವ ‘ಮಾತೃಪೂರ್ಣ’ 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಜಾರಿಯಾಯಿತು. ಉದ್ದೇಶ ಒಳ್ಳೆಯದೇ. ಆದರೆ ಊಟಕ್ಕೆ ಅಂಗನವಾಡಿ ಕೇಂದ್ರಕ್ಕೇ ಬರಬೇಕು ಎಂದರು. ಮಲೆನಾಡಿನಲ್ಲಿ ಒಂಟಿಮನೆಯಿಂದ ಅಂಗನವಾಡಿಗೆ ಗುಡ್ಡ ಹತ್ತಿಳಿಯಬೇಕು. ತುಂಬು ಗರ್ಭಿಣಿ ಮಳೆಯಲ್ಲಿ ನಡೆದು ಬಂದಾಳೆಯೇ? ಹಸಿ ಬಾಣಂತಿಯನ್ನು ಹೊಸಿಲು ದಾಟಿಸಲು ಅತ್ತೆ ಒಪ್ಪಿಯಾಳೆಯೇ? ಅಲ್ಲಿನ ಯಾವ ಟೀಚರನ್ನು ಕೇಳಿದ್ದರೂ ಆದೇಶ ಹೊರಡುವ ಮೊದಲೇ ಇದನ್ನು ಹೇಳುತ್ತಿದ್ದರು.

ಕರ್ನಾಟಕದಲ್ಲಿ ಅಂಗನವಾಡಿ ಕೆಲಸ ಆರಂಭವಾದದ್ದು 1975ರಲ್ಲಿ, ತಿ. ನರಸೀಪುರದಲ್ಲಿ. ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಮೊದಲು ಬಂದ 33 ಕಡೆಗಳಲ್ಲಿ ಅದೂ ಒಂದು. ಅಂದಿನಿಂದ ಹೊಣೆ ಹೆಚ್ಚಿದೆ: ಮಕ್ಕಳ ತೂಕ, ಆಹಾರ, ಪಾಠ, ಮನೆಭೇಟಿ, ಸಾಲದ್ದಕ್ಕೆ ಸಮೀಕ್ಷೆ, ಮತದಾರರ ಪಟ್ಟಿ. ಹಕ್ಕು ಮಾತ್ರ ಕುಂಟುತ್ತಾ ಬಂದಿದೆ. ಟೀಚರ್ ಎಂದು ನಾವು ಕರೆಯುವ ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಆ ಪ್ರಕರಣ ಹೋದದ್ದು ಕರ್ನಾಟಕದಿಂದಲೇ. ಇವರನ್ನು ಕಾರ್ಮಿಕರೆಂದು ಗುರುತಿಸಿ ಕನಿಷ್ಠ ವೇತನ ಕೊಡಿ ಎಂದು 2013ರಲ್ಲಿ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿತು. ಗೌರವಧನ ಗೌರವಧನವಾಗಿಯೇ ಉಳಿಯಿತು. ಗ್ರಾಚ್ಯುಟಿ ಇವರಿಗೂ ಸಲ್ಲಬೇಕೆಂಬ ತೀರ್ಪು ಬರಲು 2022ರ ಏಪ್ರಿಲ್ ಆಗಬೇಕಾಯಿತು, ಅದೂ ಗುಜರಾತಿನ ನಿವೃತ್ತ ಕಾರ್ಯಕರ್ತೆಯರು ಕೋರ್ಟಿಗೆ ಅಲೆದ ಮೇಲೆ.

ಬೀದಿಗಿಳಿಯದೆ ಇವರ ದನಿ ವಿಧಾನಸೌಧಕ್ಕೆ ಕೇಳಿಸಿದ್ದು ಕಡಿಮೆ. 2017ರ ಮಾರ್ಚ್‌ನಲ್ಲಿ ಸಾವಿರಾರು ಕಾರ್ಯಕರ್ತೆಯರು, ಸಹಾಯಕಿಯರು ಬೆಂಗಳೂರಿನ ರಸ್ತೆಯಲ್ಲೇ ರಾತ್ರಿ ಕಳೆದರು.

ಈಗ ‘ಪೋಷಣ್ ಟ್ರ್ಯಾಕರ್’ ಆ್ಯಪ್‌ನ ಕಾಲ. ಮನೆಗೊಯ್ಯುವ ಆಹಾರಕ್ಕೆ 2025ರ ಜುಲೈಯಿಂದ ಫಲಾನುಭವಿಯ ಮುಖ ಗುರುತಿಸುವಿಕೆ ಕಡ್ಡಾಯ. ನೆಟ್‌ವರ್ಕ್ ಸಿಗದಿದ್ದರೆ, ಒಟಿಪಿ ಬರುವ ಮೊಬೈಲನ್ನು ಗಂಡ ಕೆಲಸಕ್ಕೆ ಒಯ್ದಿದ್ದರೆ, ಆ ತಾಯಿಯನ್ನು ಬರಿಗೈಲಿ ಕಳಿಸುವ ಪಾಪ ಟೀಚರದು, ಬೈಗುಳವೂ ಅವರಿಗೇ. ಆ್ಯಪ್ ರೂಪಿಸಿದವರು ಆ ಹೊತ್ತಿಗೆ ಅಲ್ಲಿರುವುದಿಲ್ಲ.

ಆದ್ದರಿಂದ ವೇತನದ ಬೇಡಿಕೆಯ ಜೊತೆಗೇ ಇನ್ನೊಂದನ್ನೂ ಗಟ್ಟಿಯಾಗಿ ಕೇಳಬೇಕಿದೆ: ನಿರ್ಧಾರದಲ್ಲಿ ಪಾಲು. ಹೊಸ ಆ್ಯಪ್, ಹೊಸ ಆಹಾರಪಟ್ಟಿ ಯಾವುದೇ ಇರಲಿ, ಮೊದಲು ಗುಡ್ಡಗಾಡಿನ, ಬಯಲುಸೀಮೆಯ, ನಗರದ ಕೆಲವು ಕೇಂದ್ರಗಳಲ್ಲಿ ನಡೆಸಿ ನೋಡಲಿ. ಆಗುವುದಿಲ್ಲ ಎಂದ ಟೀಚರಿಗೆ ನೋಟಿಸ್ ಬದಲು ಉತ್ತರ ಕೊಡಲಿ. ತಿಂಗಳ ಸಭೆಯಲ್ಲಿ ಅವರು ಎತ್ತಿದ ಪ್ರಶ್ನೆ ನಡಾವಳಿಯಲ್ಲಿ ದಾಖಲಾಗಲಿ. ಯೋಜನೆ ರೂಪಿಸುವ ರಾಜ್ಯಮಟ್ಟದ ಸಮಿತಿಗಳಲ್ಲಿ ಅವರೇ ಆರಿಸಿದ ಪ್ರತಿನಿಧಿಗಳು ಕೂರಲಿ, ಸಹಾಯಕಿಯರನ್ನೂ ಸೇರಿಸಿ.