ಸೇಂಟ್ ಮೇರೀಸ್ ದ್ವೀಪ: ಪ್ರವಾಸದ ಜತೆ ಹೊಣೆಯೂ ಇರಲಿ

ಮಳೆಗಾಲ ಮುಗಿದು ಮಲ್ಪೆಯಿಂದ ದೋಣಿ ಸಂಚಾರ ಶುರುವಾಯಿತೆಂದರೆ ನಮ್ಮ ಧರ್ಮಕೇಂದ್ರಗಳ ಯುವಜನರೂ ಸೇಂಟ್ ಮೇರೀಸ್ ದ್ವೀಪಕ್ಕೆ ಪಿಕ್‌ನಿಕ್ ಹೊರಡುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಮಾತೆ ಮರಿಯಮ್ಮನವರ ಹೆಸರಿಟ್ಟನೆಂಬ ಪ್ರತೀತಿಯಿದೆ. ಆದರೆ ಅಲ್ಲಿನ ಕಲ್ಲಿನ ಕಂಬಗಳ ಕಥೆ ಅದಕ್ಕಿಂತ ಬಹಳ ಹಳೆಯದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದಾಗ ಹರಿದ ಲಾವಾರಸ ತಣಿದು, ಕುಗ್ಗಿ, ಬಿರಿದು ಈ ಕಂಬಗಳಾದವು. ಇದಕ್ಕಾಗಿಯೇ ದ್ವೀಪಕ್ಕೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಮಾನ್ಯತೆಯಿದೆ.

ಈ ಚೆಲುವಿನ ಪಕ್ಕದಲ್ಲೇ ಅಪಾಯವೂ ಇದೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ವಿದ್ಯಾರ್ಥಿಗಳು ಇಲ್ಲಿ ನೀರುಪಾಲಾದರು. ಇಂಥ ದುರಂತವಾದಾಗ ಆಡಳಿತದತ್ತ ಬೆರಳು ತೋರಿಸುತ್ತೇವೆ. ಎಚ್ಚರಿಕೆಯ ಫಲಕ, ಜೀವರಕ್ಷಕರು ಬೇಕೇಬೇಕು. ಆದರೆ ಪಾಚಿಗಟ್ಟಿದ ಬಂಡೆಯ ತುದಿಗೆ ಫೋಟೋಕ್ಕೆಂದು ಹೋಗುವ ಹುಡುಗನನ್ನು ಮೊದಲು ತಡೆಯಬೇಕಾದವರು ಜತೆಗಿರುವ ನಾವೇ.

ಕಸದ ವಿಷಯವೂ ಹಾಗೆಯೇ. ನಾವು ಬಿಟ್ಟು ಬಂದ ಪ್ಲಾಸ್ಟಿಕ್ ಕಡಲಿಗೆ ಸೇರಿ, ಕೊನೆಗೆ ಮೀನುಗಾರ ಬಂಧುಗಳ ಬಲೆಗೆ ಬೀಳುತ್ತದೆ. ಆದುದರಿಂದ ಗುಂಪು ಕರೆದೊಯ್ಯುವವರು ಹೊರಡುವ ಮುನ್ನ ಎರಡು ಮಾತು ಹೇಳಲಿ: ಬಂಡೆಯಂಚಿಗೆ ಹೋಗಬೇಡಿ, ತಂದದ್ದನ್ನು ವಾಪಸ್ ಒಯ್ಯಿರಿ. ಮರಳುವ ದೋಣಿಯೇರುವಾಗ ತಲೆಯೆಣಿಕೆಯ ಜತೆ ಕಸದ ಚೀಲವನ್ನೂ ಎಣಿಸೋಣ.