ಮನೆ ಖರೀದಿ, ಸಾಲ ವರ್ಗಾವಣೆ: ಕಾಸರಗೋಡಿನವರು ಓದಿಸಿಕೊಳ್ಳಬೇಕಾದ ಕಾಗದಗಳು

ಕಾಸರಗೋಡು: ಜಾಗ, ಮನೆ ಖರೀದಿಸಲು ಹೊರಟವರು ಮೊದಲು ಕೇಳುವುದು ಬೆಲೆ. ನಂತರ ಕೇಳುವುದು ಬ್ಯಾಂಕಿನಿಂದ ಎಷ್ಟು ಸಾಲ ಸಿಗುತ್ತದೆ ಎಂಬುದನ್ನು. ಆಧಾರದಲ್ಲಿ ಏನು ಬರೆದಿದೆ ಎಂಬ ಪ್ರಶ್ನೆ ಏಳುವ ಹೊತ್ತಿಗೆ ಮುಂಗಡ ಹಣ ಕೈ ದಾಟಿರುತ್ತದೆ. ಗಡಿನಾಡಿನಲ್ಲಿ ಈ ಮೂರನೆಯ ಪ್ರಶ್ನೆಯೇ ಮೊದಲು ಬರಬೇಕು. ಏಕೆಂದರೆ ಇಲ್ಲಿನ ಒಂದೇ ಜಾಗದ ದಾಖಲೆಗಳು ಎರಡು ರಾಜ್ಯಗಳ ಆಡಳಿತ, ಎರಡು ಭಾಷೆ ಮತ್ತು ಒಂದು ಭೂಸುಧಾರಣೆಯನ್ನು ದಾಟಿ ಬಂದಿರುತ್ತವೆ.

ಭೂದಾಖಲೆಗಳ ಡಿಜಿಟಲ್ ಮರುಸರ್ವೆಯನ್ನು ಕೇರಳ ಸರಕಾರ 2022ರ ನವೆಂಬರ್‌ನಲ್ಲಿ ಆರಂಭಿಸಿತು. ನೋಂದಾವಣೆ, ಕಂದಾಯ ಮತ್ತು ಸರ್ವೆ ಇಲಾಖೆಗಳ ಸೇವೆಗಳನ್ನು ಒಂದೇ ಕಡೆ ತರುವ 'ಎಂಟೆ ಭೂಮಿ' ಪೋರ್ಟಲ್ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದಾಗ, ಅದಕ್ಕೆ ಮೊದಲು ಒಳಪಟ್ಟದ್ದು ಮಂಜೇಶ್ವರ ತಾಲೂಕಿನ ಉಜಾರು ಉಳುವಾರು ಗ್ರಾಮ. ಈ ವ್ಯವಸ್ಥೆಯಲ್ಲಿ ಮಾರಾಟಕ್ಕೆ ಮುನ್ನವೇ ಜಾಗದ ನಕ್ಷೆ ಸಿದ್ಧವಾಗಬೇಕು. ಗಡಿ ತಕರಾರುಗಳು ಇದರಿಂದ ಕಡಿಮೆಯಾಗಬಹುದು. ಆದರೆ ಜಾಗದ ಮೇಲಿನ ಹಕ್ಕು ಕಂಪ್ಯೂಟರಿನಲ್ಲಿ ಹುಟ್ಟುವುದಿಲ್ಲ. ತೆರಿಗೆ ರಶೀದಿ, ತಂಡಪೇರು, ನಕ್ಷೆ ಇವೆಲ್ಲ ಸ್ವಾಧೀನ ಮತ್ತು ತೆರಿಗೆಗೆ ಸಂಬಂಧಿಸಿದ ದಾಖಲೆಗಳು. ಮಾಲಕತ್ವ ನಿಲ್ಲುವುದು ಆಧಾರಗಳ ಸರಣಿಯ ಮೇಲೆ.

1956ರ ಆಚೆಗಿನ ಕಾಗದ

1956ರ ನವೆಂಬರ್ 1ರವರೆಗೆ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಆ ಕಾಲದ ಮೂಲಗೇಣಿ, ಚಾಲಗೇಣಿ ಚೀಟಿಗಳು ಕನ್ನಡದಲ್ಲಿ ಸಿಗುತ್ತವೆ. ಕೇರಳ ಭೂಸುಧಾರಣಾ ಕಾನೂನಿನ ಪ್ರಕಾರ 1970ರ ಜನವರಿ 1ರಂದು ಗೇಣಿ ಪದ್ಧತಿ ಕೊನೆಗೊಂಡಿತು. ಗೇಣಿದಾರರಿಗೆ ಲ್ಯಾಂಡ್ ಟ್ರಿಬ್ಯೂನಲ್ ಮೂಲಕ ಪಟ್ಟಯ, ಅಂದರೆ ಕ್ರಯ ಸರ್ಟಿಫಿಕೇಟು ಸಿಕ್ಕಿತು. ಆ ಬಳಿಕದ ಆಧಾರಗಳಲ್ಲಿ ಹೆಚ್ಚಿನವು ಮಲಯಾಳದಲ್ಲಿವೆ.

ಹೀಗಾಗಿ ಮಾರುವವರ ಹೆಸರಿನ ಇತ್ತೀಚಿನ ಆಧಾರವೊಂದನ್ನೇ ನೋಡಿದರೆ ಸಾಲದು. ಕನಿಷ್ಠ 30 ವರ್ಷಗಳ ಹಿಂದಿನ ಆಧಾರಗಳನ್ನು ಒಂದರ ಹಿಂದೆ ಒಂದರಂತೆ ಕೇಳಬೇಕು. ಗೇಣಿ ಜಾಗವಾಗಿದ್ದರೆ ಪಟ್ಟಯ ಕೇಳಬೇಕು. ಗೇಣಿ ಚೀಟಿ ಇದ್ದು ಪಟ್ಟಯ ಇಲ್ಲದಿದ್ದರೆ ಸರಣಿಯ ಒಂದು ಕೊಂಡಿ ಕಳಚಿದಂತೆಯೇ.

ಹಳೆ ದಕ್ಷಿಣ ಕನ್ನಡದ ಇನ್ನೊಂದು ಬಳುವಳಿ ಕುಮ್ಕಿ. ವರ್ಗ ಜಾಗಕ್ಕೆ ತಾಗಿದ ಕುಮ್ಕಿಯಲ್ಲಿ ಸೊಪ್ಪು, ಸೌದೆ ಮುಂತಾದವುಗಳನ್ನು ಪಡೆಯುವ ಸವಲತ್ತು ವರ್ಗದಾರರಿಗೆ ಇದೆಯೇ ಹೊರತು ಮಾಲಕತ್ವವಿಲ್ಲ. ಅದು ಸರಕಾರಿ ಭೂಮಿ. '30 ಸೆಂಟ್ಸ್ ಪಟ್ಟಾ, ಜೊತೆಗೆ 20 ಸೆಂಟ್ಸ್ ಕುಮ್ಕಿ' ಎಂದು ಬೆಲೆ ಕಟ್ಟಿದರೆ, ಖರೀದಿದಾರರು ಬೆಲೆ ಕೊಡಬೇಕಾದದ್ದು 30 ಸೆಂಟ್ಸಿಗೆ ಮಾತ್ರ. ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಜಾಗಗಳಲ್ಲಿಯೂ ಇಂಥದೇ ಎಚ್ಚರ ಬೇಕು. ಷಟ್ಪಥಕ್ಕೆ ಬಿಟ್ಟುಕೊಟ್ಟ ಭಾಗ ಹಳೆ ಆಧಾರದ ವಿಸ್ತೀರ್ಣದಲ್ಲಿ ಹಾಗೆಯೇ ಉಳಿದಿರಬಹುದು.

ಸಹಿ ಹಾಕಬೇಕಾದವರು ಯಾರು?

ಕುಟುಂಬದ ಆಸ್ತಿಯನ್ನು ಅಣ್ಣ ಒಬ್ಬರೇ ಮಾರಬಹುದೇ? ಬೇರೆಯವರಿಗೂ ಪಾಲಿದ್ದರೆ ಅವರೆಲ್ಲರ ಸಹಿ ಬೇಕು. ಅಳಿಯಸಂತಾನ, ಮರುಮಕ್ಕತ್ತಾಯಂ ಕುಟುಂಬಗಳು ಇರುವ ಈ ಜಿಲ್ಲೆಯಲ್ಲಿ ಇದು ಸಣ್ಣ ವಿಷಯವಲ್ಲ. ಕೇರಳದಲ್ಲಿ 1976ರ ಡಿಸೆಂಬರ್ 1ರಂದು ಹಿಂದೂ ಅವಿಭಕ್ತ ಕುಟುಂಬ ಪದ್ಧತಿ ರದ್ದಾಗಿ, ಆಸ್ತಿ ಸದಸ್ಯರ ಪ್ರತ್ಯೇಕ ಪಾಲುಗಳಾಗಿ ಮಾರ್ಪಟ್ಟಿತು. ಮುಂಬಯಿಯಲ್ಲಿ ನೆಲೆಸಿದ ತಂಗಿಯ ಪಾಲು ಅವರು ಊರಿಗೆ ಬಾರದಿದ್ದರೂ ಅವರದ್ದೇ. 2004ರ ಡಿಸೆಂಬರ್ 20ರ ನಂತರ ತೀರಿಕೊಂಡ ಹಿಂದೂ ತಂದೆಯ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ ಎಂದು ಕೇರಳ ಹೈಕೋರ್ಟು 2025ರ ಜುಲೈಯಲ್ಲಿ ತೀರ್ಪು ನೀಡಿತು. ಹಳೆ ಭಾಗಪತ್ರಗಳಲ್ಲಿ ಹೆಣ್ಣುಮಕ್ಕಳ ಹೆಸರು ಕಾಣದಿದ್ದರೆ ಕಾರಣ ತಿಳಿಯದೆ ಮುಂದುವರಿಯಬಾರದು.

ಅಪ್ರಾಪ್ತ ಮಕ್ಕಳ ಪಾಲಿನ ವಿಷಯ ಇನ್ನೂ ಸೂಕ್ಷ್ಮ. ನ್ಯಾಯಾಲಯದ ಅನುಮತಿ ಇಲ್ಲದೆ ಹಿಂದೂ ತಂದೆ ಅಥವಾ ತಾಯಿ ಅದನ್ನು ಮಾರಿದರೆ, ಪ್ರಾಯಕ್ಕೆ ಬಂದ ಬಳಿಕ 3 ವರ್ಷಗಳೊಳಗೆ ಮಕ್ಕಳು ಆ ಮಾರಾಟವನ್ನು ಪ್ರಶ್ನಿಸಬಹುದು.

ಕೊಲ್ಲಿಯಲ್ಲಿರುವವರ ಜಾಗ ಸಾಮಾನ್ಯವಾಗಿ ಪವರ್ ಆಫ್ ಅಟಾರ್ನಿ ಮೂಲಕ ಮಾರಾಟವಾಗುತ್ತದೆ. ಅಲ್ಲಿ ಬರೆದುಕೊಟ್ಟ ಪತ್ರ ಭಾರತಕ್ಕೆ ತಲುಪಿದ 3 ತಿಂಗಳೊಳಗೆ ಅದಕ್ಕೆ ಇಲ್ಲಿನ ಮುದ್ರಾಂಕ ಶುಲ್ಕ ಪಾವತಿಸಬೇಕು. ಬರೆದುಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಅಧಿಕಾರವೂ ಮುಗಿಯುತ್ತದೆ. ಪವರ್ ಆಫ್ ಅಟಾರ್ನಿ ಅಥವಾ ಮಾರಾಟದ ಕರಾರು ಮಾಲಕತ್ವ ಕೊಡುವುದಿಲ್ಲ, ನೋಂದಾಯಿತ ಕ್ರಯ ಆಧಾರವೇ ಬೇಕು ಎಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟಪಡಿಸಿದೆ.

ನಿಲವೋ, ಪುರಯಿಡವೋ?

ತೆಂಗು ಬೆಳೆದು ನಿಂತ ಜಾಗವೂ ಗ್ರಾಮ ಕಚೇರಿಯ ಮೂಲ ತೆರಿಗೆ ರಿಜಿಸ್ಟರಿನಲ್ಲಿ 'ನಿಲಂ', ಅಂದರೆ ಗದ್ದೆ ಎಂದೇ ಇರಬಹುದು. 2008ರ ಆಗಸ್ಟ್ 12ರಂದು ಜಾರಿಗೆ ಬಂದ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾನೂನಿನಂತೆ ಅಂಥ ಜಾಗದಲ್ಲಿ ಮನೆ ಕಟ್ಟಲು ನಿರ್ಬಂಧಗಳಿವೆ. ಜಾಗ ಡಾಟಾ ಬ್ಯಾಂಕಿನಲ್ಲಿ ತಪ್ಪಾಗಿ ಸೇರಿದ್ದರೆ ಅದನ್ನು ತೆಗೆಸಲು 5ನೇ ನಮೂನೆಯಲ್ಲಿ ಅರ್ಜಿ ಕೊಡಬೇಕು. ಡಾಟಾ ಬ್ಯಾಂಕಿನಲ್ಲಿ ಇಲ್ಲದೆ ರಿಜಿಸ್ಟರಿನಲ್ಲಿ ಮಾತ್ರ ನಿಲಂ ಎಂದಿದ್ದರೆ, 50 ಸೆಂಟ್ಸ್ ವರೆಗಿನ ಪರಿವರ್ತನೆಗೆ 6ನೇ ನಮೂನೆ. ಈ ಕೆಲಸ ಮುಗಿಸಿ ಕೊಡುವ ಹೊಣೆ ಮಾರುವವರದ್ದೇ ಎಂದು ಕರಾರಿನಲ್ಲಿ ಬರೆಸಿಕೊಳ್ಳುವುದು ಲೇಸು.

ಕುಡಿಕ್ಕಡ ಹೇಳುವುದೆಷ್ಟು?

ಸಬ್ ರಿಜಿಸ್ಟ್ರಾರ್ ಕಚೇರಿಯ ಕುಡಿಕ್ಕಡ ಸರ್ಟಿಫಿಕೇಟು ಜಾಗದ ಮೇಲಿನ ನೋಂದಾಯಿತ ವ್ಯವಹಾರಗಳನ್ನು ತಿಳಿಸುತ್ತದೆ. ಸಹಕಾರಿ ಸಂಸ್ಥೆಗಳ ಸಾಲಕ್ಕೆ ಬರೆದುಕೊಟ್ಟ ಗಹಾನ್ ಕೂಡ ಇದರಲ್ಲಿ ಕಾಣುತ್ತದೆ. ಸಾಲ ತೀರಿದ್ದರೂ ಗಹಾನ್ ಬಿಡುಗಡೆ ದಾಖಲಾಗದಿದ್ದರೆ ಹೊಣೆ ಹಾಗೆಯೇ ಉಳಿದಿರುವಂತೆ ತೋರುತ್ತದೆ. ಆದರೆ ಆಧಾರವನ್ನು ಬ್ಯಾಂಕಿನಲ್ಲಿ ಇಟ್ಟು ಪಡೆದ ಸಾಲ ನೋಂದಾವಣೆಯಾಗದೆ ಇರಬಹುದು. ಆದ್ದರಿಂದ ಕುಡಿಕ್ಕಡ ಶುದ್ಧವಾಗಿದ್ದರೂ ಅಸಲು ಆಧಾರವನ್ನು ಕಣ್ಣಾರೆ ನೋಡಲೇಬೇಕು. 'ಅಸಲು ಮನೆಯಲ್ಲಿದೆ, ಇದು ನಕಲು' ಎಂಬ ಮಾತು ಬಂದಲ್ಲಿಗೆ ಮುಂಗಡ ನಿಲ್ಲಬೇಕು. ಬ್ಯಾಂಕುಗಳು ಅಡಮಾನಗಳನ್ನು ದಾಖಲಿಸುವ ಕೇಂದ್ರೀಯ ರಿಜಿಸ್ಟ್ರಿ 'ಸೆರ್ಸಾಯಿ' 2011ರಿಂದ ಇದೆ. ನಿಗದಿತ ಶುಲ್ಕ ಕೊಟ್ಟು ಯಾರು ಬೇಕಾದರೂ ಅದರಲ್ಲಿ ಹುಡುಕಬಹುದು.

ಬ್ಯಾಂಕಿನ ವಕೀಲರು ನೋಡಿದ್ದಾರೆ, ಇನ್ನೇನು ಭಯ ಎಂಬ ಮಾತು ಸಾಮಾನ್ಯ. ಆದರೆ ಆ ವಕೀಲರು ವರದಿ ಕೊಡುವುದು ಬ್ಯಾಂಕಿಗೆ. ಮುಂದೆ ಹಕ್ಕಿನ ತಕರಾರು ಎದ್ದರೂ ಸಾಲ ತೀರಿಸಬೇಕಾದವರು ಖರೀದಿದಾರರೇ. ತಮಗಾಗಿ ಪ್ರತ್ಯೇಕ ವಕೀಲರಿಗೆ ಕೊಡುವ ಶುಲ್ಕ ಆ ಹೊರೆಯ ಮುಂದೆ ಸಣ್ಣದು.

ಕೈಯಿಂದ ಎಷ್ಟು ಹಣ ಬೇಕು?

ಕೇರಳದಲ್ಲಿ ಮುದ್ರಾಂಕ ಶುಲ್ಕ ಶೇ. 8, ನೋಂದಾವಣೆ ಶುಲ್ಕ ಶೇ. 2. ಅಂದರೆ 40 ಲಕ್ಷ ರೂ. ಮನೆಗೆ 4 ಲಕ್ಷ ರೂ. ಸರಕಾರಕ್ಕೆ ಸೇರುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಸಾಲ ಮನೆಯ ಮೌಲ್ಯದ ಶೇ. 80 ಮೀರುವಂತಿಲ್ಲ. ಹೀಗಾಗಿ ಸಾಲ 32 ಲಕ್ಷ ಸಿಕ್ಕರೂ ಕೈಯಿಂದ 12 ಲಕ್ಷ ಬೇಕು. 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಆಸ್ತಿಯಾದರೆ ಖರೀದಿದಾರರು ಶೇ. 1 ಆದಾಯ ತೆರಿಗೆ ಕಡಿತ ಮಾಡಿ ಕಟ್ಟಬೇಕು. ಮುಂಗಡವನ್ನು 20,000 ರೂ. ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆಯಲು ಕಾನೂನು ಅವಕಾಶ ಕೊಡುವುದಿಲ್ಲ.

ಸಾಲ ಬೇರೆ ಬ್ಯಾಂಕಿಗೆ ವರ್ಗಾಯಿಸುವಾಗ

ಬಡ್ಡಿ ಕಡಿಮೆ ಎಂದು ಮನೆ ಸಾಲವನ್ನು ಬೇರೆ ಬ್ಯಾಂಕಿಗೆ ಒಯ್ಯುವವರ ಮೊದಲ ಸಂಶಯ ದಂಡ ಶುಲ್ಕದ್ದು. ಬದಲಾಗುವ ಬಡ್ಡಿಯ ಮನೆ ಸಾಲವನ್ನು ಅವಧಿಗೆ ಮುನ್ನ ತೀರಿಸುವ ವ್ಯಕ್ತಿಗಳಿಂದ ಬ್ಯಾಂಕುಗಳು ದಂಡ ವಸೂಲು ಮಾಡುವುದನ್ನು ರಿಸರ್ವ್ ಬ್ಯಾಂಕ್ 2012ರಲ್ಲೇ ನಿಲ್ಲಿಸಿದೆ. ಆದರೆ ಹೊಸ ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ, ವಕೀಲರ ಶುಲ್ಕ, ಮೌಲ್ಯಮಾಪನ, ಆಧಾರ ಇಡುವ ಪತ್ರದ ಮುದ್ರಾಂಕ ಇವೆಲ್ಲ ಇವೆ. ಮೊದಲು ಹಳೆಯ ಬ್ಯಾಂಕಿನಲ್ಲೇ ಬಡ್ಡಿ ಇಳಿಸುವಂತೆ ಲಿಖಿತವಾಗಿ ಕೇಳಿ, ಆನಂತರ ಲೆಕ್ಕ ಹಾಕುವುದು ಜಾಣತನ. ವರ್ಗಾವಣೆಯ ನೆಪದಲ್ಲಿ ಕೊಡುವ ಟಾಪ್ ಅಪ್ ಹೊಸ ಸಾಲವೇ. ಅದಕ್ಕೂ ಮನೆಯೇ ಈಡು.

ಆಧಾರಗಳನ್ನು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಒಯ್ಯುವಾಗಲೂ ಎಚ್ಚರ ಬೇಕು. ಹಳೆಯ ಬ್ಯಾಂಕಿಗೆ ಕೊಟ್ಟ ಕಾಗದಗಳ ಪಟ್ಟಿಯನ್ನು ಇಟ್ಟುಕೊಂಡು ಒಂದೊಂದಾಗಿ ತಾಳೆ ನೋಡಬೇಕು. ಸಾಲ ತೀರಿದ 30 ದಿನಗಳೊಳಗೆ ಅಸಲು ದಾಖಲೆ ಮರಳಿಸಬೇಕು, ತನ್ನ ತಪ್ಪಿನಿಂದ ತಡವಾದರೆ ಬ್ಯಾಂಕ್ ದಿನಕ್ಕೆ 5,000 ರೂ. ಪರಿಹಾರ ಕೊಡಬೇಕು ಎಂಬ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಆದರೆ ಊರಿನ ಪ್ರಾಥಮಿಕ ಸೇವಾ ಸಹಕಾರಿ ಸಂಘಗಳು ಹೆಸರಿನಲ್ಲಿ ಬ್ಯಾಂಕ್ ಎಂದಿದ್ದರೂ ರಿಸರ್ವ್ ಬ್ಯಾಂಕಿನ ಪರವಾನಗಿಯಡಿ ಬರುವುದಿಲ್ಲ. ಅಲ್ಲಿ ಇಂಥ ಭರವಸೆಗಳನ್ನು ಮೊದಲೇ ಬರೆಸಿಕೊಳ್ಳಬೇಕು.

ಭಾಷೆಯೂ ಒಂದು ಹಕ್ಕು

ಮಲಯಾಳ ಮಾತಾಡಲು ಬರುವ ಅನೇಕ ಕನ್ನಡಿಗರಿಗೆ ಆಧಾರದ ಮಲಯಾಳ ಓದಲು ಬರುವುದಿಲ್ಲ. ಆಧಾರ ಬರೆಯುವವರು ಓದಿ ಹೇಳಿದ್ದನ್ನು ಕೇಳಿ ಸಹಿ ಹಾಕುವುದು ರೂಢಿಯಾಗಿದೆ. ನೋಂದಣಿ ಕಾಯ್ದೆಯ 19ನೇ ವಿಧಿಯಂತೆ, ಅಧಿಕಾರಿಗೆ ತಿಳಿಯದ ಮತ್ತು ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿಲ್ಲದ ಭಾಷೆಯ ಪತ್ರವಾದರೆ ಮಾತ್ರ, ಅನುವಾದ ಲಗತ್ತಿಸಿಲ್ಲ ಎಂದು ನೋಂದಾವಣೆ ನಿರಾಕರಿಸಬಹುದು. ಕಾಸರಗೋಡಿನಲ್ಲಿ ಕನ್ನಡ ಬಳಕೆಯಲ್ಲಿಲ್ಲದ ಭಾಷೆ ಎಂದು ಯಾರೂ ಹೇಳಲಾರರು. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕೂಡ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಂದಿಗೆ ವ್ಯವಹರಿಸಲು ಅವಕಾಶ ಕೊಟ್ಟಿದೆ. ಬಳಸದ ಹಕ್ಕು ಕಾಲಕ್ರಮದಲ್ಲಿ ಮರೆತೇ ಹೋಗುತ್ತದೆ.

ಆಧಾರ ಮಲಯಾಳದಲ್ಲೇ ಆಗುವುದಾದರೂ ಕರಡನ್ನು ಕೆಲವು ದಿನ ಮೊದಲೇ ಪಡೆದು, ಎರಡೂ ಭಾಷೆ ಬಲ್ಲ ವಕೀಲರಿಂದ ಕನ್ನಡದಲ್ಲಿ ಬರೆಸಿಕೊಳ್ಳಬಹುದು. ಹಳೆಯ ಕನ್ನಡ ಕಾಗದಗಳನ್ನು ಓದಬಲ್ಲ ಹಿರಿಯರು ಊರಲ್ಲಿ ಕಡಿಮೆಯಾಗುತ್ತಿದ್ದಾರೆ. ಅವರು ಇರುವಾಗಲೇ ಮನೆಯ ಪೆಟ್ಟಿಗೆಯಲ್ಲಿರುವ ಚೀಟಿಗಳನ್ನು ಓದಿಸಿ, ಸರ್ವೆ ನಂಬ್ರ ಗುರುತು ಹಾಕಿಡುವುದು ಮಾರುವವರಿಗೂ ಕೊಳ್ಳುವವರಿಗೂ ಉಪಕಾರ. 20 ವರ್ಷ ಕಂತು ಕಟ್ಟಬೇಕಾದ ಮನೆಯ ಕಾಗದಕ್ಕೆ ಅರ್ಥ ತಿಳಿಯದೆ ಸಹಿ ಹಾಕುವಷ್ಟು ಅವಸರ ಯಾರಿಗೂ ಇರಲಾರದು.